ಟಾಟಾ ಇನ್‌ಸ್ಟಿಟ್ಯೂಟಿನ ರಸಾಯನಶಾಸ್ತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಊರಿನ ಹಳಬರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವ ಐಐಎಸ್‌ಸಿಯಲ್ಲಿ, ರಸಾಯನಶಾಸ್ತ್ರದ ಸಂಶೋಧನೆ ಹೇಗಿದೆ ಎಂಬ ಬಗ್ಗೆ ಈ ಬಾರಿ ಹಲವು ಪತ್ರಗಳು ಬಂದಿವೆ. ಮಕ್ಕಳ ಮುಂದಿನ ದಾರಿಯ ಚಿಂತೆ ಕೆಲವರದಾದರೆ, ಪಾಠ ಮಾಡುವಾಗ ಎದ್ದ ಸಂದೇಹ ಇನ್ನು ಕೆಲವರದು. ಎಲ್ಲವೂ ಒಂದೇ ವಿಷಯಕ್ಕೆ ಸೇರಿದವಾದ್ದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ. ರಸಾಯನಶಾಸ್ತ್ರವೆಂದರೆ ಅವಳಿಗೆ ಪ್ರಾಣ. ಆದರೆ ಐಐಎಸ್‌ಸಿ ಎಂಬುದು ವಿಮಾನ, ರಾಕೆಟ್, ಕಂಪ್ಯೂಟರ್ ಓದುವವರ ಜಾಗ, ಅಲ್ಲಿ ರಸಾಯನಶಾಸ್ತ್ರಕ್ಕೆ ಮೂಲೆಯೇ ಗತಿ ಎಂದು ನೆಂಟರು ಹೇಳುತ್ತಾರೆ. ಇದು ನಿಜವೇ?
ಒಬ್ಬ ತಂದೆ, ತುಮಕೂರು

ನಿಜವಲ್ಲ. ಸಂಸ್ಥೆಯ ಚರಿತ್ರೆ ಇದಕ್ಕೆ ತೀರಾ ವಿರುದ್ಧವಾದುದನ್ನು ಹೇಳುತ್ತದೆ. ಜೆಮ್‌ಶೆಟ್‌ಜಿ ಟಾಟಾ ಅವರು ಕಟ್ಟಬೇಕೆಂದುಕೊಂಡಿದ್ದ ಸಂಸ್ಥೆ ಎಲ್ಲಿರಬೇಕೆಂದು ನೋಡಲು 1900ರಲ್ಲಿ ಭಾರತಕ್ಕೆ ಬಂದು, ದೇಶ ಸುತ್ತಿ, ಬೆಂಗಳೂರನ್ನು ಸೂಚಿಸಿದವರು ಬ್ರಿಟನ್ನಿನ ರಸಾಯನವಿಜ್ಞಾನಿ ವಿಲಿಯಂ ರಾಮ್ಸೆ. ಅವರಿಗೆ ನಾಲ್ಕು ವರ್ಷಗಳ ತರುವಾಯ ನೊಬೆಲ್ ಪಾರಿತೋಷಕ ಬಂತು. 1898ರಲ್ಲಿ ಅವರ ಜತೆ ನಿಯಾನ್, ಕ್ರಿಪ್ಟಾನ್ ಮತ್ತು ಕ್ಸೆನಾನ್ ಅನಿಲಗಳನ್ನು ಕಂಡುಹಿಡಿದ ಮಾರಿಸ್ ಟ್ರಾವರ್ಸ್ ಅವರೇ 1906ರಲ್ಲಿ ಸಂಸ್ಥೆಯ ಮೊದಲ ನಿರ್ದೇಶಕರಾಗಿ ಬಂದರು. ಮೈಸೂರು ಸಂಸ್ಥಾನ 371 ಎಕರೆ ಭೂಮಿ ಕೊಟ್ಟಿತು, 1909ರಲ್ಲಿ ಸಂಸ್ಥೆ ವಿಧಿವತ್ತಾಗಿ ಅಸ್ತಿತ್ವಕ್ಕೆ ಬಂತು, 1911ರಲ್ಲಿ 24 ವಿದ್ಯಾರ್ಥಿಗಳೊಂದಿಗೆ ಪಾಠ ಆರಂಭವಾಯಿತು. ಆಗ ಇದ್ದ ವಿಭಾಗಗಳು ಸಾಮಾನ್ಯ ರಸಾಯನಶಾಸ್ತ್ರ, ಅನ್ವಯಿಕ ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರಜ್ಞಾನ. ನಿಮ್ಮ ನೆಂಟರು ಹೇಳುವ ವಿಮಾನದ ವಿಭಾಗ ಹುಟ್ಟಿದ್ದು 1942ರಲ್ಲಿ. ಹೀಗಾಗಿ ಆ ಮನೆಯ ಹಿರಿಯ ಮಗ ರಸಾಯನಶಾಸ್ತ್ರವೇ.

ಇಂದು ಅಲ್ಲಿ ಒಂದಲ್ಲ, ಹಲವು ರಸಾಯನಶಾಸ್ತ್ರಗಳಿವೆ ಎನ್ನಬೇಕು. ನಿರವಯವ ಮತ್ತು ಭೌತ ರಸಾಯನಶಾಸ್ತ್ರಕ್ಕೆ ಒಂದು ವಿಭಾಗ, ಸಾವಯವ ರಸಾಯನಶಾಸ್ತ್ರಕ್ಕೆ ಒಂದು, ಘನಸ್ಥಿತಿ ಮತ್ತು ರಚನಾ ರಸಾಯನಶಾಸ್ತ್ರಕ್ಕೆ ಒಂದು ಘಟಕ, ವಸ್ತು ಸಂಶೋಧನಾ ಕೇಂದ್ರ, ಅಯಸ್ಕಾಂತದ ನೆರವಿನಿಂದ ಅಣುಗಳ ರಚನೆ ತಿಳಿಯುವ ಎನ್‌ಎಂಆರ್ ತಂತ್ರದ ಸಂಶೋಧನಾ ಕೇಂದ್ರ. ಕೆಮಿಕಲ್ ಎಂಜಿನಿಯರಿಂಗ್ ಇವುಗಳಿಂದ ಬೇರೆ.

ಘನಸ್ಥಿತಿ ಘಟಕದ ಕಥೆಯನ್ನು ನಿಮ್ಮ ಮಗಳಿಗೆ ಹೇಳಿ. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿ, 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಪಡೆದ ಸಿ.ಎನ್.ಆರ್. ರಾವ್ ಅವರು ಕಾಶಿಯಲ್ಲಿ ಎಂ.ಎಸ್ಸಿ., ಅಮೆರಿಕದ ಪರ್ಡ್ಯೂನಲ್ಲಿ ಪಿಎಚ್.ಡಿ. ಮುಗಿಸಿ 1959ರಲ್ಲಿ ಇಲ್ಲಿ ಲೆಕ್ಚರರ್ ಆದರು. 1963ರಲ್ಲಿ ಕಾನ್ಪುರದ ಐಐಟಿಗೆ ಹೋಗಿ, 1976ರಲ್ಲಿ ಮರಳಿ ಬಂದು ಈ ಘಟಕವನ್ನು ಕಟ್ಟಿದರು. ಲೋಹದ ಆಕ್ಸೈಡುಗಳನ್ನು ಬೇಯಿಸಿ ಅವುಗಳ ಒಳರಚನೆ ನೋಡುವುದು ಭೌತಶಾಸ್ತ್ರದವರ ಅಥವಾ ಸೆರಾಮಿಕ್ಸ್‌ನವರ ಕೆಲಸವೆಂದು ಬಹಳ ಮಂದಿ ರಸಾಯನವಿಜ್ಞಾನಿಗಳು ತಿಳಿದಿದ್ದ ಕಾಲ ಅದು. ರಾವ್ ಅವರ ತಂಡ ಲ್ಯಾಂಥನಮ್ ಮತ್ತು ತಾಮ್ರ ಸೇರಿದ ಆಕ್ಸೈಡುಗಳನ್ನು ಆಗಲೇ ಪರಿಶೀಲಿಸುತ್ತಿತ್ತು. 1986ರಲ್ಲಿ ಅದೇ ಕುಟುಂಬದ ಆಕ್ಸೈಡಿನಲ್ಲಿ ಅತಿವಾಹಕತೆ, ಅಂದರೆ ತಡೆಯೇ ಇಲ್ಲದೆ ವಿದ್ಯುತ್ ಹರಿಯುವ ಗುಣ, ಕಂಡುಬಂದಾಗ ಜಗತ್ತಿನ ಪ್ರಯೋಗಾಲಯಗಳೆಲ್ಲ ಹೊಸದಾಗಿ ಕುಲುಮೆ ಹಚ್ಚಬೇಕಾಯಿತು. ಬೆಂಗಳೂರಿನಲ್ಲಿ ಕುಲುಮೆಯೂ ಇತ್ತು, ಕೈಪಳಗಿದ ವಿದ್ಯಾರ್ಥಿಗಳೂ ಇದ್ದರು. 1987ರಲ್ಲೇ ಇಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡಿನ ಬಗ್ಗೆ ಅವರ ಪ್ರಬಂಧ ‘ನೇಚರ್’ ಪತ್ರಿಕೆಯಲ್ಲಿ ಬಂತು. ಸಂಶೋಧನೆಯ ಬಲ ಎಂದರೆ ನನ್ನ ದೃಷ್ಟಿಯಲ್ಲಿ ಇದೇ: ಬೇಕಾಗುವ ದಿನ ಬರುವ ಮೊದಲೇ ಹತ್ತು ವರ್ಷ ಕುಳಿತು ಕೆಲಸ ಮಾಡಿರುವುದು. ರಾವ್ ಅವರು 1984ರಿಂದ 1994ರವರೆಗೆ ಸಂಸ್ಥೆಯ ನಿರ್ದೇಶಕರೂ ಆಗಿದ್ದರು. 2014ರಲ್ಲಿ ಅವರಿಗೆ ಭಾರತರತ್ನ ಸಂದಿತು.

ಪ್ರಶ್ನೆ: ಮೈಸೂರು ಸ್ಯಾಂಡಲ್ ಸೋಪಿಗೂ ಈ ಸಂಸ್ಥೆಗೂ ನಂಟಿದೆ ಎಂದು ಅಜ್ಜ ಹೇಳುತ್ತಿದ್ದರು. ಇದರಲ್ಲಿ ಸತ್ಯವೆಷ್ಟು?
ಓದುಗರು, ಹಾಸನ

ನಿಮ್ಮ ಅಜ್ಜ ಹೇಳಿದ್ದು ಸರಿ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಶ್ರೀಗಂಧದ ಕೊರಡು ಯೂರೋಪಿಗೆ, ಬಹುಮಟ್ಟಿಗೆ ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಆರಂಭವಾದೊಡನೆ ಆ ದಾರಿ ಮುಚ್ಚಿತು, ಕೊರಡು ಇಲ್ಲೇ ರಾಶಿ ಬಿತ್ತು. ಎಣ್ಣೆಯನ್ನು ಇಲ್ಲಿಯೇ ತೆಗೆಯಲಾದೀತೇ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಈ ಸಂಸ್ಥೆಯ ರಸಾಯನಶಾಸ್ತ್ರದ ಅಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್. ನಾಲ್ವಡಿ ಕೃಷ್ಣರಾಜ ಒಡೆಯರು ಅರಸರಾಗಿದ್ದು ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲವಾದ್ದರಿಂದ ಪ್ರಯೋಗಾಲಯದ ಫಲ ಕಡತದಲ್ಲಿ ಮಲಗಲಿಲ್ಲ. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಗಳು ಬಂದವು. ಇದೇ ಸಂಸ್ಥೆಯಲ್ಲಿ ಓದಿದ ಎಸ್.ಜಿ. ಶಾಸ್ತ್ರಿಯವರು ಇಂಗ್ಲೆಂಡಿಗೆ ಹೋಗಿ ಸಾಬೂನು ಮತ್ತು ಸುಗಂಧದ ವಿದ್ಯೆ ಕಲಿತು ಬಂದು, ಆ ಎಣ್ಣೆ ಬೆರೆಸಿದ ಸೋಪನ್ನು ರೂಪಿಸಿದರು.

ಇದರಲ್ಲಿ ರಸಾಯನಶಾಸ್ತ್ರ ಎಲ್ಲಿದೆ ಎಂದು ಕೇಳುವವರಿಗೆ ಒಂದು ಮಾತು. ಗಂಧದ ಪರಿಮಳದ ಮುಖ್ಯ ದ್ರವ್ಯ ಸ್ಯಾಂಟಲಾಲ್. ಅದು ಕುದಿಯಲು ಸುಮಾರು 300 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟು ಕಾಯಿಸಿದರೆ ಪರಿಮಳ ಉಳಿಯುವ ಬದಲು ಸೀದ ವಾಸನೆ ಬರುತ್ತದೆ. ಅದಕ್ಕಾಗಿ ಕೊರಡಿನ ತಿರುಳನ್ನು ತರಿತರಿಯಾಗಿ ಪುಡಿ ಮಾಡಿ, ಅದರೊಳಗೆ ನೀರಿನ ಹಬೆ ಹಾಯಿಸುತ್ತಾರೆ. ಹಬೆ ತನ್ನ ಜತೆ ಎಣ್ಣೆಯ ಆವಿಯನ್ನು ನೂರು ಡಿಗ್ರಿಯ ಆಸುಪಾಸಿನಲ್ಲೇ ಎಬ್ಬಿಸಿಕೊಂಡು ಬರುತ್ತದೆ. ತಣಿದಾಗ ನೀರು ಕೆಳಗೆ, ನೀರಿಗಿಂತ ತುಸು ಹಗುರವಾದ ಎಣ್ಣೆ ಮೇಲೆ. ಕೇಳಲು ಸುಲಭವೆನಿಸುತ್ತದೆ, ಆದರೆ ಎಣ್ಣೆ ಬಲು ನಿಧಾನವಾಗಿ ಬರುವುದರಿಂದ ಪುಡಿ ಎಷ್ಟು ನಯವಾಗಿರಬೇಕು, ಹಬೆಯ ಒತ್ತಡ ಎಷ್ಟಿರಬೇಕು, ಎಷ್ಟು ಹೊತ್ತು ಹಾಯಿಸಬೇಕು ಎಂಬುದನ್ನು ತೂಗಿ ಅಳೆದೇ ಗೊತ್ತುಮಾಡಬೇಕು. ಅಂಥ ಅಳತೆಯ ಕೆಲಸ ಇಲ್ಲದಿದ್ದರೆ ಕಾರ್ಖಾನೆ ನಷ್ಟದಲ್ಲೇ ನಡೆಯುತ್ತದೆ.

ಪ್ರಶ್ನೆ: ನಾನು ಪದವಿಪೂರ್ವ ಕಾಲೇಜಿನ ಉಪನ್ಯಾಸಕ. ಹೈಡ್ರೋಜನ್ ಬಂಧದ ವ್ಯಾಖ್ಯೆ ಬದಲಾಗಿದೆಯೆಂದೂ ಅದರಲ್ಲಿ ಐಐಎಸ್‌ಸಿಯ ಪಾತ್ರವಿದೆಯೆಂದೂ ಕೇಳಿದೆ. ಫ್ಲೋರಿನ್, ಆಕ್ಸಿಜನ್, ನೈಟ್ರೋಜನ್ ಮೂರರ ಜತೆ ಮಾತ್ರ ಈ ಬಂಧ ಎಂದು ಇಷ್ಟು ವರ್ಷ ಬೋಧಿಸಿದ್ದೇನೆ. ತಪ್ಪು ಹೇಳಿಕೊಟ್ಟೆನೇ?
ಉಪನ್ಯಾಸಕರು, ಹಾವೇರಿ

ತಪ್ಪು ಹೇಳಿಕೊಟ್ಟಿಲ್ಲ, ಪೂರ್ತಿ ಹೇಳಿರಲಿಲ್ಲ, ಅಷ್ಟೆ. ರಸಾಯನಶಾಸ್ತ್ರದ ಪದಗಳಿಗೂ ವ್ಯಾಖ್ಯೆಗಳಿಗೂ ಮುದ್ರೆ ಹಾಕುವ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪಿಎಸಿ, ಹೈಡ್ರೋಜನ್ ಬಂಧವನ್ನು ಮರುಪರಿಶೀಲಿಸಲು ರಚಿಸಿದ ಕಾರ್ಯತಂಡದ ಅಧ್ಯಕ್ಷರಾಗಿದ್ದವರು ಐಐಎಸ್‌ಸಿಯ ಇ. ಅರುಣನ್. ಸ್ಫಟಿಕಗಳಲ್ಲಿ ಅಣುಗಳು ಪರಸ್ಪರ ಹೇಗೆ ಜೋಡಿಸಿಕೊಳ್ಳುತ್ತವೆ ಎಂಬುದನ್ನು ಜೀವಮಾನವಿಡೀ ಅಭ್ಯಾಸ ಮಾಡಿದ, ಅದೇ ಸಂಸ್ಥೆಯ ಗೌತಮ್ ದೇಸಿರಾಜು ಕೂಡ ಆ ತಂಡದಲ್ಲಿದ್ದರು. 2011ರಲ್ಲಿ ಹೊಸ ವ್ಯಾಖ್ಯೆ ಪ್ರಕಟವಾಯಿತು. ಅದರ ಸಾರ ಹೀಗಿದೆ: ಹೈಡ್ರೋಜನ್ನಿಗಿಂತ ಹೆಚ್ಚು ಎಲೆಕ್ಟ್ರಾನ್‌ ಸೆಳೆಯುವ ಯಾವುದೇ ಪರಮಾಣುವಿಗೆ ಹೈಡ್ರೋಜನ್ ಅಂಟಿಕೊಂಡಿದ್ದು, ಆ ಹೈಡ್ರೋಜನ್ ಅದೇ ಅಣುವಿನ ಅಥವಾ ಬೇರೊಂದು ಅಣುವಿನ ಪರಮಾಣುವಿನ ಕಡೆಗೆ ಆಕರ್ಷಿತವಾಗಿ, ಬಂಧ ಏರ್ಪಟ್ಟಿರುವುದಕ್ಕೆ ಪುರಾವೆ ಇದ್ದರೆ ಅದು ಹೈಡ್ರೋಜನ್ ಬಂಧ. ಮೂರೇ ಧಾತುಗಳೆಂಬ ಕಟ್ಟು ಹೋಯಿತು. ಕಾರ್ಬನ್ನಿಗೆ ಅಂಟಿದ ಹೈಡ್ರೋಜನ್ನಿಗೂ ಗಂಧಕಕ್ಕೆ ಅಂಟಿದ ಹೈಡ್ರೋಜನ್ನಿಗೂ ಪುರಾವೆಯಿದ್ದಲ್ಲಿ ಸ್ಥಾನ ಸಿಕ್ಕಿತು.

ನಿಮ್ಮ ತರಗತಿಯಲ್ಲಿ ಪ್ರತಿ ವರ್ಷ ಬರುವ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ನೀರು ದ್ರವ, ಅದರ ಅಣ್ಣತಮ್ಮನಂತಿರುವ ಹೈಡ್ರೋಜನ್ ಸಲ್ಫೈಡ್ ಅನಿಲ; ಏಕೆ? ನೀರಿನಲ್ಲಿ ಹೈಡ್ರೋಜನ್ ಬಂಧವಿದೆ, ಸಲ್ಫೈಡಿನಲ್ಲಿ ಇಲ್ಲ ಎಂದು ನಾವೆಲ್ಲ ಬರೆದು ಅಂಕ ಪಡೆದವರೇ. ಮಂಜುಗಡ್ಡೆಯಲ್ಲಿ ಒಂದೊಂದು ನೀರಿನ ಅಣುವಿಗೆ ನಾಲ್ಕೇ ನೆರೆಯವರಿದ್ದರೆ, ಘನರೂಪದ ಹೈಡ್ರೋಜನ್ ಸಲ್ಫೈಡಿನಲ್ಲಿ ಹನ್ನೆರಡು ನೆರೆಯವರಿರುತ್ತಾರೆ. ಹೀಗೆ ಎಲ್ಲ ಕಡೆಯಿಂದಲೂ ಒತ್ತಾಗಿ ಕೂತಲ್ಲಿ ದಿಕ್ಕು ನೋಡಿ ಕಟ್ಟುವ ಬಂಧವಿರಲಾರದು ಎಂದು ಅಮೆರಿಕದ ರಸಾಯನವಿಜ್ಞಾನಿ ಲೈನಸ್ ಪೌಲಿಂಗ್ ತರ್ಕಿಸಿದ್ದರು. ಅರುಣನ್ ಅವರ ತಂಡವೂ ಅವರ ವಿದೇಶಿ ಸಹೋದ್ಯೋಗಿಗಳೂ ಈ ಸಲ್ಫೈಡಿನ ಎರಡೇ ಎರಡು ಅಣುಗಳನ್ನು ನಿರ್ವಾತದಲ್ಲಿ, ಪರಮಶೂನ್ಯಕ್ಕೆ ಹತ್ತಿರದ ಚಳಿಯಲ್ಲಿ ಜೋಡಿಯಾಗಿಸಿ, ಮೈಕ್ರೋವೇವ್ ಅಲೆಗಳಿಂದ ಆ ಜೋಡಿಯ ತಿರುಗಾಟವನ್ನು ಅಳೆದರು. ಜೋಡಿ ಹೈಡ್ರೋಜನ್ ಬಂಧದಿಂದಲೇ ಕೂಡಿದೆ ಎಂದು 2018ರಲ್ಲಿ ಪ್ರಕಟಿಸಿದರು. ಇಂಥ ಅಳತೆಗೆ ಬೇಕಾದ ಉಪಕರಣವನ್ನು ಅವರು ಕ್ಯಾಂಪಸ್ಸಿನಲ್ಲಿ ತಾವೇ ಕಟ್ಟಿಕೊಂಡಿದ್ದರು ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಅಂಗಡಿಯಲ್ಲಿ ಸಿಗುವ ಯಂತ್ರದಿಂದ ಅಂಗಡಿಯವನು ಊಹಿಸಿದ ಪ್ರಶ್ನೆಗಳಿಗೆ ಮಾತ್ರ ಉತ್ತರ ಸಿಗುತ್ತದೆ.

ಹಾಗಾದರೆ ತರಗತಿಯಲ್ಲಿ ಏನು ಹೇಳಬೇಕು? ಸಲ್ಫೈಡಿನಲ್ಲಿ ಬಂಧ ಇಲ್ಲವೆಂದಲ್ಲ, ಅದು ಬಲು ದುರ್ಬಲ. ಕೋಣೆಯ ಶಾಖದಲ್ಲಿ ಅಣುಗಳ ಓಡಾಟದ ರಭಸದ ಮುಂದೆ ಅದು ನಿಲ್ಲಲಾರದು, ಆದ್ದರಿಂದ ಸೊನ್ನೆಗಿಂತ 60 ಡಿಗ್ರಿ ಕೆಳಗೇ ಆ ದ್ರವ ಕುದಿದು ಅನಿಲವಾಗುತ್ತದೆ ಎನ್ನಿ. ಪರೀಕ್ಷೆಗೆ ಪಠ್ಯಪುಸ್ತಕದ ಉತ್ತರವೇ ಇರಲಿ. ಜಾಣ ಮಕ್ಕಳಿಗೆ ಈ ಕಥೆಯನ್ನೂ ಹೇಳಿದರೆ ಪಠ್ಯದ ಸಾಲೊಂದನ್ನು ನಮ್ಮದೇ ಊರಿನ ಪ್ರಯೋಗಾಲಯ ತಿದ್ದಿತೆಂಬ ಅರಿವು ಅವರಿಗೆ ದಕ್ಕುತ್ತದೆ.

ಪ್ರಶ್ನೆ: ಪ್ರಬಂಧಗಳ ಎಣಿಕೆ ಬಿಟ್ಟು, ಕೈಯಲ್ಲಿ ಹಿಡಿದು ನೋಡಬಹುದಾದ ಒಂದು ಸಾಧನೆಯನ್ನು ವಿವರಿಸಿ. ವಿಜ್ಞಾನವೂ ಎಂಜಿನಿಯರಿಂಗೂ ಒಂದೇ ಆವರಣದಲ್ಲಿ ಇರುವುದರಿಂದ ರಸಾಯನಶಾಸ್ತ್ರಕ್ಕೆ ನಿಜವಾಗಿ ಏನು ಲಾಭ?
ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ನಿಮ್ಮ ಎರಡು ಪ್ರಶ್ನೆಗಳಿಗೂ ಒಂದೇ ಉದಾಹರಣೆ ಸಾಕು, ಅದನ್ನು ವಿಸ್ತಾರವಾಗಿಯೇ ಹೇಳುತ್ತೇನೆ. ನಿರವಯವ ಮತ್ತು ಭೌತ ರಸಾಯನಶಾಸ್ತ್ರ ವಿಭಾಗದಲ್ಲಿದ್ದ ಕೆ.ಸಿ. ಪಾಟೀಲರು ತಮ್ಮ ವಿದ್ಯಾರ್ಥಿ ಕಿಂಗ್ಸ್‌ಲೀ ಅವರೊಂದಿಗೆ 1988ರಲ್ಲಿ ಪ್ರಕಟಿಸಿದ ದಹನ ವಿಧಾನ ಅದು. ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿಯಿಂದ ಹಿಡಿದು ಸಾಣೆಕಲ್ಲಿನವರೆಗೆ ಬಳಕೆಯಾಗುವ ಆಲ್ಫಾ ಅಲ್ಯೂಮಿನಾ ಎಂಬ ಗಟ್ಟಿ ಆಕ್ಸೈಡನ್ನು ಪಡೆಯಲು ಸಾಮಾನ್ಯವಾಗಿ 1100 ಡಿಗ್ರಿಗೂ ಮೇಲಿನ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸಬೇಕು. ಪಾಟೀಲರ ವಿಧಾನದಲ್ಲಿ 20 ಗ್ರಾಂ ಅಲ್ಯೂಮಿನಿಯಂ ನೈಟ್ರೇಟ್ ಮತ್ತು 8 ಗ್ರಾಂ ಯೂರಿಯಾವನ್ನು, ಹೌದು, ಗದ್ದೆಗೆ ಎರಚುವ ಅದೇ ಯೂರಿಯಾವನ್ನು, ಸ್ವಲ್ಪ ನೀರಿನಲ್ಲಿ ಕರಗಿಸಿ ಅಗಲ ಬಾಯಿಯ ಗಾಜಿನ ಪಾತ್ರೆಯಲ್ಲಿ ಹಾಕಿ, 500 ಡಿಗ್ರಿಗೆ ಕಾಯಿಸಿಟ್ಟ ಮಫಲ್ ಫರ್ನೇಸ್ ಎಂಬ ಪ್ರಯೋಗಾಲಯದ ಕುಲುಮೆಯೊಳಗೆ ಇಡುತ್ತಾರೆ.

ನಾನು ಅಧ್ಯಾಪಕನಾಗಿದ್ದಾಗ ಇದನ್ನು ವಿದ್ಯಾರ್ಥಿಗಳಿಗೆ ಮಾಡಿ ತೋರಿಸುತ್ತಿದ್ದೆ. ಮೊದಲು ದ್ರಾವಣ ಕುದಿಯುತ್ತದೆ. ನೀರು ಆರುತ್ತ ಬಂದಂತೆ ಬೆಲ್ಲದ ಪಾಕದ ಹಾಗೆ ಮಂದವಾಗುತ್ತದೆ. ಆಮೇಲೆ ನೊರೆಯೆದ್ದು ಪಾತ್ರೆಯ ತುಂಬ ಉಬ್ಬುತ್ತದೆ. ಇನ್ನೇನೂ ಆಗುವುದಿಲ್ಲವೇನೋ ಎನ್ನುವಷ್ಟರಲ್ಲಿ ಒಂದು ಬದಿಯಿಂದ ಕಣ್ಣು ಕೋರೈಸುವ ಬಿಳಿ ಜ್ವಾಲೆ ಹೊತ್ತಿ ಇಡೀ ನೊರೆಯನ್ನು ಹಾದುಹೋಗುತ್ತದೆ. ಆ ಜ್ವಾಲೆಯ ಶಾಖ ಸುಮಾರು 1600 ಡಿಗ್ರಿ. ಅದನ್ನು ಕೊಟ್ಟದ್ದು ಕುಲುಮೆಯಲ್ಲ, ನೈಟ್ರೇಟು ಮತ್ತು ಯೂರಿಯಾ ತಾವೇ ಉರಿದು ಹುಟ್ಟಿಸಿಕೊಂಡದ್ದು. ಎಲ್ಲವೂ ಐದು ನಿಮಿಷದೊಳಗೆ ಮುಗಿಯುತ್ತದೆ. ಪಾತ್ರೆಯ ತುಂಬ ಮಂಡಕ್ಕಿಗಿಂತ ಹಗುರವಾದ ಬೆಳ್ಳನೆಯ ನೊರೆಗಲ್ಲು ನಿಂತಿರುತ್ತದೆ. ತೂಗಿದರೆ ಮೂರು ಗ್ರಾಂ ಕೂಡ ಇಲ್ಲ. ದ್ರಾವಣಕ್ಕೆ ಚಿಟಿಕೆಯಷ್ಟು ಕ್ರೋಮಿಯಂ ನೈಟ್ರೇಟ್ ಸೇರಿಸಿದ್ದರೆ ಅದೇ ನೊರೆ ಮಾಣಿಕ್ಯದ ನಸುಗೆಂಪು ಬಣ್ಣ ತಳೆಯುತ್ತದೆ. ಇದನ್ನು ಯಾರೂ ಮನೆಯಲ್ಲಿ ಪ್ರಯತ್ನಿಸಬಾರದು. ಹೊಗೆ ಎಳೆದುಕೊಳ್ಳುವ ವ್ಯವಸ್ಥೆಯಿರುವ ಪ್ರಯೋಗಾಲಯದಲ್ಲಿ, ಬಲ್ಲವರ ಎದುರಿನಲ್ಲಿ ಮಾತ್ರ ಮಾಡತಕ್ಕದ್ದು.

ಇನ್ನು ಎಂಜಿನಿಯರಿಂಗಿನ ನೆರೆಹೊರೆಯ ಮಾತು. 20 ಗ್ರಾಂಗೆ 8 ಗ್ರಾಂ ಎಂಬ ಲೆಕ್ಕ ಎಲ್ಲಿಂದ ಬಂತು? ಅದೇ ಸಂಸ್ಥೆಯಲ್ಲಿ ರಾಕೆಟ್ಟಿನ ಇಂಧನಗಳ ಮೇಲೆ ಕೆಲಸ ಮಾಡುತ್ತಿದ್ದ ಜೈನ್, ಅಡಿಗ ಮತ್ತು ಪೈ ವೆರ್ಣೇಕರ್ ಅವರು, ಇಂಧನ ಮತ್ತು ಅದನ್ನು ಉರಿಸಲು ಆಕ್ಸಿಜನ್ ಒದಗಿಸುವ ಆಕ್ಸಿಡೀಕಾರಕದ ಸರಿಯಾದ ಪ್ರಮಾಣ ಕಂಡುಹಿಡಿಯಲು 1981ರಲ್ಲಿ ಒಂದು ಸರಳ ಕ್ರಮ ಕೊಟ್ಟಿದ್ದರು. ಕಾರ್ಬನ್ನಿಗೆ ಧನ 4, ಹೈಡ್ರೋಜನ್ನಿಗೆ ಧನ 1, ಅಲ್ಯೂಮಿನಿಯಮ್ಮಿಗೆ ಧನ 3, ಆಕ್ಸಿಜನ್ನಿಗೆ ಋಣ 2, ನೈಟ್ರೋಜನ್ನಿಗೆ ಸೊನ್ನೆ ಎಂದು ಹಿಡಿದು ಕೂಡಿಸಿದರೆ ಅಲ್ಯೂಮಿನಿಯಂ ನೈಟ್ರೇಟಿಗೆ ಋಣ 15, ಯೂರಿಯಾಕ್ಕೆ ಧನ 6 ಬರುತ್ತದೆ. ಎರಡೂ ಸರಿದೂಗಬೇಕಾದರೆ ಒಂದು ಮೋಲ್ ನೈಟ್ರೇಟಿಗೆ ಎರಡೂವರೆ ಮೋಲ್ ಯೂರಿಯಾ ಬೇಕು. ಗ್ರಾಂಗಳಿಗೆ ಇಳಿಸಿ ನೋಡಿ, 20ಕ್ಕೆ 8 ಸರಿಯಾಗಿ ಬರುತ್ತದೆ. ಪಾಟೀಲರೂ ರಾಕೆಟ್ ಇಂಧನವಾದ ಹೈಡ್ರಜೀನಿನ ಸಂಯುಕ್ತಗಳ ಮೇಲೆ ವರ್ಷಗಟ್ಟಲೆ ದುಡಿದವರು. ರಾಕೆಟ್ಟನ್ನು ಮೇಲಕ್ಕೆ ಎತ್ತುವ ಉರಿಯ ಲೆಕ್ಕ ಪಕ್ಕದ ಕಟ್ಟಡದಲ್ಲಿ ಪಿಂಗಾಣಿ ಬೇಯಿಸುವ ಲೆಕ್ಕವಾಯಿತು.

ಕಥೆ ಅಲ್ಲಿಗೂ ನಿಲ್ಲಲಿಲ್ಲ. ಅದೇ ದಹನ ವಿಧಾನದಿಂದ ಸೀರಿಯಂ ಆಕ್ಸೈಡಿನೊಳಗೆ ಪ್ಲಾಟಿನಮ್, ಪಲ್ಲೇಡಿಯಂನಂಥ ದುಬಾರಿ ಲೋಹಗಳನ್ನು ಕಣಗಳಾಗಿ ಅಲ್ಲ, ಒಂದೊಂದು ಅಯಾನಾಗಿ (ವಿದ್ಯುದಾವೇಶ ಹೊತ್ತ ಪರಮಾಣುವಾಗಿ) ಹುದುಗಿಸಿ, ವಾಹನಗಳ ಹೊಗೆಯನ್ನು ಶುದ್ಧಗೊಳಿಸುವಂಥ ವೇಗವರ್ಧಕಗಳನ್ನು ಮಾಡಿದರು. ಲೋಹದ ಒಂದೊಂದು ಪರಮಾಣುವೂ ಕೆಲಸಕ್ಕೆ ಒದಗುವುದರಿಂದ ಕಡಿಮೆ ಲೋಹ ಸಾಕಾಗುತ್ತದೆ. ಈ ಬಗ್ಗೆ 2009ರಲ್ಲಿ ಬಂದ ಸಮೀಕ್ಷಾ ಲೇಖನದಲ್ಲಿ ಪಾಟೀಲರ ಜತೆಗಿರುವ ಹೆಸರುಗಳು ಘನಸ್ಥಿತಿ ಘಟಕದ ಎಂ.ಎಸ್. ಹೆಗ್ಡೆ ಮತ್ತು ಕೆಮಿಕಲ್ ಎಂಜಿನಿಯರಿಂಗಿನ ಗಿರಿಧರ್ ಮದ್ರಾಸ್. ವಸ್ತುವನ್ನು ಹುಟ್ಟಿಸುವವರು ಒಬ್ಬರು, ಅದರ ಒಳಗೆ ಅಯಾನು ಎಲ್ಲಿ ಕೂತಿದೆಯೆಂದು ನೋಡುವವರು ಇನ್ನೊಬ್ಬರು, ಅನಿಲದ ಹರಿವಿನಲ್ಲಿ ಅದು ಎಷ್ಟು ವೇಗವಾಗಿ ಕೆಲಸ ಮಾಡುತ್ತದೆಂದು ಲೆಕ್ಕ ಹಾಕುವವರು ಮತ್ತೊಬ್ಬರು. ಇವರೆಲ್ಲ ಮಧ್ಯಾಹ್ನದ ಕಾಫಿಗೆ ನಡೆದು ಬಂದು ಸೇರುವಷ್ಟು ಹತ್ತಿರದಲ್ಲಿದ್ದರೆ ಆಗುವ ಲಾಭವನ್ನು ಯಾವ ಒಪ್ಪಂದ ಪತ್ರವೂ ತಂದುಕೊಡಲಾರದೆಂದು ನಾನು ನಂಬಿದ್ದೇನೆ.

ಪ್ರಶ್ನೆ: ರ್‍ಯಾಂಕಿಂಗ್ ಪಟ್ಟಿಗಳನ್ನು ಎಷ್ಟರಮಟ್ಟಿಗೆ ನಂಬಬಹುದು?
ಬಿ.ಎಸ್ಸಿ. ವಿದ್ಯಾರ್ಥಿ, ರಾಯಚೂರು

ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿ 2016ರಲ್ಲಿ ಆರಂಭವಾದಾಗಲೇ ವಿಶ್ವವಿದ್ಯಾಲಯಗಳ ಸಾಲಿನಲ್ಲಿ ಐಐಎಸ್‌ಸಿಗೆ ಮೊದಲ ಸ್ಥಾನ ಸಿಕ್ಕಿತು, ಮುಂದೆಯೂ ಆ ಸ್ಥಾನ ಅದರ ಬಳಿಯೇ ಉಳಿದುಬಂದಿದೆ. ಆದರೆ ಅದು ಇಡೀ ಸಂಸ್ಥೆಗೆ ಸಿಕ್ಕ ಸ್ಥಾನ. ನೀವು ಐದು ವರ್ಷ ಕಳೆಯುವುದು ಒಂದು ಪ್ರಯೋಗಾಲಯದಲ್ಲಿ, ಒಬ್ಬ ಗೈಡಿನ ಕೈಕೆಳಗೆ. ನಾನು ನೋಡುವುದಾದರೆ ಎರಡು ಸಂಗತಿಗಳನ್ನು ನೋಡುತ್ತೇನೆ. ಆ ಪ್ರಯೋಗಾಲಯದಿಂದ ಹೊರಬಿದ್ದ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ, ಅವರು ಸ್ವಂತ ಕೆಲಸ ಕಟ್ಟಿದ್ದಾರೆಯೇ ಎಂಬುದು ಒಂದು. ಉಪಕರಣಗಳು ಯಾರ ವಶದಲ್ಲಿವೆ, ಅವು ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂಬುದು ಇನ್ನೊಂದು.

ಎರಡನೆಯದು ಸಣ್ಣ ಸಂಗತಿಯೆಂದು ಕಾಣಬಹುದು, ಆದರೆ ಸಣ್ಣದಲ್ಲ. ಸಾವಯವ ರಸಾಯನಶಾಸ್ತ್ರದಲ್ಲಿ ಹೊಸ ಅಣುವನ್ನು ಮಾಡಿದೆನೆಂದು ಹೇಳಲು ಎನ್‌ಎಂಆರ್ ಸಾಕ್ಷಿ ಬೇಕೇ ಬೇಕು. ಪೆನ್ಸಿಲ್ಲಿಗಿಂತ ತೆಳುವಾದ, 5 ಮಿಲಿಮೀಟರ್ ಅಗಲದ ಗಾಜಿನ ನಳಿಕೆಯಲ್ಲಿ ದ್ರಾವಣ ತುಂಬಿ ಒಂದು ಭಾರೀ ಅಯಸ್ಕಾಂತದ ಹೊಟ್ಟೆಯೊಳಗೆ ಇಳಿಬಿಡುತ್ತಾರೆ. ಆ ಅಯಸ್ಕಾಂತದ ತಂತಿಸುರುಳಿ ದ್ರವ ಹೀಲಿಯಂನಲ್ಲಿ, ಸೊನ್ನೆಗಿಂತ 269 ಡಿಗ್ರಿ ಕೆಳಗಿನ ಚಳಿಯಲ್ಲಿ ಹಗಲುರಾತ್ರಿ ಮುಳುಗಿರಬೇಕು. ಹೀಲಿಯಂ ಮುಗಿಯಲು ಬಿಟ್ಟರೆ ಕೋಟಿಗಟ್ಟಲೆ ಬೆಲೆಯ ಯಂತ್ರಕ್ಕೇ ಅಪಾಯ. ಆದ್ದರಿಂದ ಹಬ್ಬದ ದಿನವೂ ಯಾರಾದರೊಬ್ಬರು ಅದರ ಮಟ್ಟ ನೋಡಲೇಬೇಕು. ಐಐಎಸ್‌ಸಿಯಲ್ಲಿ 1970ರ ದಶಕದಲ್ಲೇ ಎನ್‌ಎಂಆರ್ ಯಂತ್ರವನ್ನು ಯಾವುದೋ ಒಬ್ಬ ಪ್ರಾಧ್ಯಾಪಕರ ಸ್ವತ್ತಾಗಿಸದೆ, ಹೊರಗಿನ ಕಾಲೇಜು, ವಿಶ್ವವಿದ್ಯಾಲಯಗಳವರೂ ಮಾದರಿ ಕಳುಹಿಸಿ ಅಳೆಯಿಸಿಕೊಳ್ಳಬಹುದಾದ ಸಾಮೂಹಿಕ ಸೌಕರ್ಯವಾಗಿ ನಡೆಸಿದರು. ಆ ನೀತಿಯ ಲಾಭ ಇಡೀ ದೇಶದ ರಸಾಯನಶಾಸ್ತ್ರಕ್ಕೆ ಸಿಕ್ಕಿತು. ದುಬಾರಿ ಯಂತ್ರ ಕೊಂಡು, ಅದನ್ನು ನೋಡಿಕೊಳ್ಳುವ ತಂತ್ರಜ್ಞರ ಹುದ್ದೆ ಖಾಲಿ ಬಿಟ್ಟು, ಮುಸುಕು ಹಾಕಿ ಇಟ್ಟಿರುವ ವಿಭಾಗವೊಂದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿನ ವಿದ್ಯಾರ್ಥಿಗಳು ತಮ್ಮ ನಳಿಕೆಗಳನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ಯುತ್ತಿದ್ದರು. ಮನಸ್ಸಿಗೆ ನೋವಾಯಿತು.

ಪ್ರಶ್ನೆ: ರಾತ್ರಿ ಹೊತ್ತು ಲ್ಯಾಬಿನಲ್ಲಿ ಕೆಲಸ ಇರುತ್ತದೆ, ಹೆಣ್ಣುಮಕ್ಕಳಿಗೆ ಇದು ಹೇಳಿದ್ದಲ್ಲ ಎನ್ನುತ್ತಾರಲ್ಲ?
ಒಬ್ಬ ತಾಯಿ, ಕಲಬುರಗಿ

ಈ ಮಾತಿಗೆ ಆ ಸಂಸ್ಥೆಯಲ್ಲಿ 90 ವರ್ಷಗಳ ಹಿಂದೆಯೇ ಒಬ್ಬ ಹುಡುಗಿ ಉತ್ತರ ಕೊಟ್ಟಾಗಿದೆ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲಿಗಳಾಗಿ ಬಂದ ಕಮಲಾ ಭಾಗವತ್ (ಮುಂದೆ ಕಮಲಾ ಸೋಹೋನಿ) ಅವರ ತಂದೆಯೂ ಚಿಕ್ಕಪ್ಪನೂ ಇದೇ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ಕಲಿತವರು. ಆದರೂ ಆಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣುಮಗಳೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿದರು. ಕಮಲಾ ಬೆಂಗಳೂರಿಗೇ ಬಂದು ಪಟ್ಟುಹಿಡಿದರು. ಮೊದಲ ವರ್ಷ ಪರೀಕ್ಷಾರ್ಥ, ಗೈಡ್ ಹೇಳಿದರೆ ರಾತ್ರಿಯೂ ದುಡಿಯಬೇಕು, ಪ್ರಯೋಗಾಲಯದ ವಾತಾವರಣ ಕೆಡಿಸಬಾರದು ಎಂಬ ಷರತ್ತುಗಳನ್ನು ನುಂಗಿಕೊಂಡು ಸೇರಿದರು. ಜೀವರಸಾಯನಶಾಸ್ತ್ರದ ಎಂ. ಶ್ರೀನಿವಾಸಯ್ಯನವರು ಅವರ ಗುರುಗಳಾದರು. ಕಮಲಾ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿ ಎಂ.ಎಸ್ಸಿ. ಪಡೆದರು, 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಅವರ ಕೆಲಸ ನೋಡಿದ ರಾಮನ್ ಬೇರೆ ವಿದ್ಯಾರ್ಥಿನಿಯರಿಗೂ ಬಾಗಿಲು ತೆರೆದರು. ಕಮಲಾ ಅವರು ಆ ಷರತ್ತುಗಳ ಅವಮಾನವನ್ನು ಕೊನೆಯವರೆಗೂ ಮರೆಯಲಿಲ್ಲ, ಮರೆಯಬೇಕಾದ್ದೂ ಇರಲಿಲ್ಲ. ನಿಮ್ಮ ಮಗಳಿಗೆ ಅಂಥ ಷರತ್ತು ಹಾಕುವವರು ಇಂದು ಅಲ್ಲಿ ಯಾರೂ ಇಲ್ಲ. ಮನೆಯಲ್ಲಿ ನಾವು ಹಾಕದಿದ್ದರೆ ಸಾಕು.

ಪ್ರಶ್ನೆ: ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಐಐಎಸ್‌ಸಿಯಲ್ಲಿ ರಸಾಯನಶಾಸ್ತ್ರ ಓದಲು ಯಾವ ಯಾವ ದಾರಿಗಳಿವೆ?
ದ್ವಿತೀಯ ಪಿಯುಸಿ ವಿದ್ಯಾರ್ಥಿ, ಚಾಮರಾಜನಗರ

ಮೂರು ಹಂತಗಳಲ್ಲಿ ಪ್ರವೇಶವಿದೆ. ಪಿಯುಸಿ ಆದ ಮೇಲೆ ಸೇರುವುದಾದರೆ 2011ರಲ್ಲಿ ಆರಂಭವಾದ ನಾಲ್ಕು ವರ್ಷದ ಸಂಶೋಧನಾ ಪದವಿಯಿದೆ. ಅದಕ್ಕೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಗಳ ಅಂಕ ಬೇಕು, ಮುಂದೆ ರಸಾಯನಶಾಸ್ತ್ರವನ್ನು ಮುಖ್ಯ ವಿಷಯವಾಗಿ ಆರಿಸಿಕೊಳ್ಳಬಹುದು. ಬಿ.ಎಸ್ಸಿ. ಮುಗಿಸಿದವರಿಗೆ ಎಂ.ಎಸ್ಸಿ. ಮತ್ತು ಪಿಎಚ್.ಡಿ. ಒಂದಾಗಿರುವ ಸಂಯುಕ್ತ ಕೋರ್ಸಿದೆ. ಅದಕ್ಕೆ ಐಐಟಿಗಳು ನಡೆಸುವ ‘ಜಾಮ್’ ಪರೀಕ್ಷೆ ಬರೆಯಬೇಕು. ಎಂ.ಎಸ್ಸಿ. ಆದವರು ನೆಟ್ ಅಥವಾ ಗೇಟ್ ಬರೆದು, ಸಂದರ್ಶನದ ಮೂಲಕ ಪಿಎಚ್.ಡಿ.ಗೆ ಸೇರುತ್ತಾರೆ. ಯಾವ ಪರೀಕ್ಷೆಯ ಅಂಕವನ್ನು ಆ ವರ್ಷ ಪರಿಗಣಿಸುತ್ತಾರೆ ಎಂಬುದು ಬದಲಾಗುತ್ತಿರುವುದರಿಂದ ಸಂಸ್ಥೆಯ ಪ್ರವೇಶ ಪ್ರಕಟಣೆಯನ್ನೇ ನೋಡಿ ಖಚಿತಪಡಿಸಿಕೊಳ್ಳಿ.

ಪಿಯುಸಿಯಲ್ಲೇ ಸೀಟು ಸಿಗದಿದ್ದರೆ ಎದೆಗುಂದಬೇಡಿ. ಮಧ್ಯದ ದಾರಿ, ಅಂದರೆ ಊರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿ ಜಾಮ್ ಬರೆಯುವುದು, ನಿಮ್ಮಂಥವರಿಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಇಂಗ್ಲಿಷಿನ ಪಾರಿಭಾಷಿಕ ಪದಗಳು ನಾಲಿಗೆಗೆ ಹೊಂದಿಕೊಳ್ಳಲು ಮೂರು ವರ್ಷ ಸಿಗುತ್ತದೆ. ಆ ಮೂರು ವರ್ಷಗಳಲ್ಲಿ ಪ್ರಾಯೋಗಿಕ ತರಗತಿಯನ್ನು ಹಗುರವಾಗಿ ಕಾಣಬೇಡಿ. ಬ್ಯೂರೆಟ್ಟಿನ ಕೊನೆಯ ಹನಿಗೆ ಬಣ್ಣ ತಿರುಗಿದಾಗ ಏನಾಯಿತೆಂದು ಕನ್ನಡದಲ್ಲಾದರೂ ಸರಿ, ನಿಮ್ಮದೇ ಮಾತಿನಲ್ಲಿ ನೋಟ್ ಪುಸ್ತಕದಲ್ಲಿ ಬರೆದಿಡಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ಪಿಗೆ ಪದವಿ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಆಯ್ಕೆಯಾದರೆ ಎರಡು ತಿಂಗಳು ನಿಜವಾದ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅವಕಾಶ ಸಿಗುತ್ತದೆ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಜೆಮ್‌ಶೆಟ್‌ಜಿ ಟಾಟಾ ಅವರ ಜನ್ಮದಿನವಾದ ಮಾರ್ಚ್ 3ರ ಆಸುಪಾಸಿನಲ್ಲಿ ಸಂಸ್ಥೆ ಒಂದು ದಿನ ಸಾರ್ವಜನಿಕರಿಗೆ ತೆರೆದಿರುತ್ತದೆ. ಅಂದು ಪ್ರಯೋಗಾಲಯಗಳ ಬಾಗಿಲಲ್ಲಿ ಸಂಶೋಧನಾ ವಿದ್ಯಾರ್ಥಿಗಳೇ ನಿಂತು ಬಂದವರಿಗೆ ವಿವರಿಸುತ್ತಾರೆ, ಕನ್ನಡದಲ್ಲಿ ಹೇಳುವವರೂ ಇರುತ್ತಾರೆ. ಬೆಳಿಗ್ಗೆ ಬೇಗ ಹೋಗಿ, ರಸಾಯನಶಾಸ್ತ್ರದ ಕಟ್ಟಡಗಳಿಗೇ ಮೊದಲು ನಡೆಯಿರಿ. ಮಧ್ಯಾಹ್ನವಾದರೆ ಜನಸಂದಣಿಯಲ್ಲಿ ಪ್ರಶ್ನೆ ಕೇಳಲು ಆಗುವುದಿಲ್ಲ.